ಪೆಡಲ್ ಬಿಟ್ಟರೂ ಹಿಡಿದುಕೊಂಡಿರುವ ಚಕ್ರ

ಹೊಸದಾಗಿ ಬಣ್ಣ ಹೊಡೆಸಿದ ನಿಮ್ಮ ಕಾರಿನಲ್ಲಿ, ಆಯಿಲ್ ಒತ್ತಡದಿಂದ ಚಕ್ರದ ಬ್ರೇಕ್ ಹಿಡಿಸುವ ವೀಲ್ ಸಿಲಿಂಡರ್ ಬದಲಿಸಿದ ಮೇಲೂ ಮುಂದಿನ ಎಡ ಚಕ್ರ ಮಾತ್ರ ಬ್ರೇಕ್ ಬಿಡುತ್ತಿಲ್ಲ ಎಂದರೆ ನನ್ನ ಅನುಮಾನ ಆ ಚಕ್ರಕ್ಕೆ ಬ್ರೇಕ್ ಆಯಿಲ್ ಒಯ್ಯುವ ಹಳೆಯ ರಬ್ಬರ್ ಹೋಸಿನ (ಕೊಳವೆಯ) ಮೇಲೆ. ಹೊರಗೆ ಚೆನ್ನಾಗಿಯೇ ಕಂಡರೂ ಒಳಗೆ ಊದಿಕೊಂಡು, ಬ್ರೇಕ್ ಆಯಿಲ್ ಮರಳದಂತೆ ತಡೆಯುತ್ತದೆ.

ಕಾರನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಜಾಕ್ ಒಂದನ್ನೇ ನಂಬಬೇಡಿ. ಪೆಡಲ್ ಒತ್ತಿ ಬಿಡಿ. ಚಕ್ರ ಬಿಗಿಯಾಗಿರುವಾಗಲೇ ಹೋಸಿನ ಮೇಲ್ತುದಿಗೆ ಸೇರುವ ಲೋಹದ ಪೈಪನ್ನು ತುಸು ಸಡಿಲಿಸಿ. ಚಕ್ರ ಬಿಟ್ಟುಕೊಂಡರೆ ತೊಂದರೆ ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರಿನ ಕಡೆಗಿದೆ. ಬಿಡದಿದ್ದರೆ ಚಕ್ರದ ಬಳಿ ಆಯಿಲ್ ಹೊರಬಿಡುವ ಸಣ್ಣ ತಿರುಪನ್ನು (ಬ್ಲೀಡ್ ನಿಪ್ಪಲ್) ಸಡಿಲಿಸಿ. ಆಯಿಲ್ ಚಿಮ್ಮಿ ಚಕ್ರ ತಿರುಗಿತೇ? ಹೋಸೇ ಕಾರಣ. ಆಗಲೂ ತಿರುಗದಿದ್ದರೆ ಬ್ರೇಕ್ ಶೂಗಳನ್ನು (ಡ್ರಮ್ಮಿಗೆ ಉಜ್ಜಿ ಚಕ್ರ ನಿಲ್ಲಿಸುವ ಪಟ್ಟಿಗಳನ್ನು) ಹಿಂದಕ್ಕೆಳೆಯುವ ಸ್ಪ್ರಿಂಗ್ ಅಥವಾ ಅವುಗಳ ಅಂತರ ಹೊಂದಿಸುವ ಅಡ್ಜಸ್ಟರ್ ಕಾರಣವಿರಬಹುದು. ಚಕ್ರದೊಂದಿಗೆ ತಿರುಗುವ ಲೋಹದ ಡ್ರಮ್ ಬಿಚ್ಚದೆ ಅದನ್ನು ಹೇಳಲಾಗದು.

ಹೋಸ್‌ಗಳನ್ನು ಎರಡೂ ಬದಿ ಒಟ್ಟಿಗೆ ಬದಲಿಸಿ, ಒಳಗೆ ಸೇರಿದ ಗಾಳಿಯೆಲ್ಲ ಹೋಗುವವರೆಗೆ ನಿಪ್ಪಲ್ ಮೂಲಕ ಆಯಿಲ್ ಹೊರಬಿಟ್ಟು ಬ್ಲೀಡ್ ಮಾಡಿ. ಬ್ರೇಕ್ ಆಯಿಲ್ ನಿಮ್ಮ ಹೊಸ ಬಣ್ಣವನ್ನು ತಿಂದುಬಿಡುತ್ತದೆ. ಬಿದ್ದ ತಕ್ಷಣ ನೀರಿನಿಂದ ತೊಳೆಯಿರಿ.