ಕ್ರಿಕೆಟ್ ವಿಶ್ವಕಪ್ ಟ್ರೋಫಿ ನಿಜವಾಗಲೂ ಚಿನ್ನದ್ದಾ?

ಪೂರ್ತಿ ಚಿನ್ನ ಅಲ್ಲ. ಬೆಳ್ಳಿಯಲ್ಲಿ ಮಾಡಿ, ಮೇಲೆ ಅಲ್ಲಲ್ಲಿ ಚಿನ್ನದ ಲೇಪ ಕೊಟ್ಟಿದ್ದಾರೆ. ಈಗಿನ ಏಕದಿನ ವಿಶ್ವಕಪ್ ಟ್ರೋಫಿಯನ್ನು 1999ರ ಟೂರ್ನಿಗಾಗಿ ಲಂಡನ್ನಿನ ಗ್ಯಾರಾರ್ಡ್ ಕಂಪನಿಯವರು ತಯಾರಿಸಿದರು. ಎತ್ತರ ಸುಮಾರು 60 ಸೆಂ.ಮೀ., ತೂಕ 11 ಕೆ.ಜಿ. ಸ್ಟಂಪ್, ಬೇಲ್ಸ್ ಆಕಾರದ ಮೂರು ಬೆಳ್ಳಿ ಕಂಬಗಳು ಬ್ಯಾಟಿಂಗ್, ಬೌಲಿಂಗ್, ಫೀಲ್ಡಿಂಗ್‌ನ ಗುರುತು. ಮೇಲಿನ ಗೋಳ ಭೂಮಿಯೂ ಹೌದು, ಚೆಂಡೂ ಹೌದು. ಅದರ ಹೊಲಿಗೆ ಸ್ವಲ್ಪ ವಾರೆ ಇದೆ, ನೋಡಿದ್ದೀರಾ? ಭೂಮಿಯ ಅಕ್ಷದ ಓರೆಯನ್ನೇ ಅಲ್ಲಿ ತೋರಿಸಿದ್ದಾರೆ. ನನಗೆ ಜಾಸ್ತಿ ಹಿಡಿಸಿದ್ದು ಅದೇ. ಗೆದ್ದವರಿಗೆ ಕೊಡುವುದು ಪ್ರತಿಕೃತಿ. ಅಸಲಿ ಟ್ರೋಫಿ ವಿಶ್ವ ಕ್ರಿಕೆಟ್ ಸಂಸ್ಥೆ ಐಸಿಸಿ ಹತ್ತಿರವೇ ಇರುತ್ತದೆ.

ನಮ್ಮ ಬೆಳಗಾವಿಯ ಟೆನಿಸ್ ಬಾಲ್ ಟೂರ್ನಿಗಳ ಕಪ್ ಬಿಡಿ, ಎಷ್ಟೋ ಸಲ ಸುಮ್ನೆ ಮಿರುಗುವ ಪ್ಲಾಸ್ಟಿಕ್. ಮೂರ್ನಾಲ್ಕು ತುಂಡು, ನಡುವೆ ಒಂದು ಉದ್ದ ಸ್ಕ್ರೂ. ನಮ್ಮ ಓಣಿ ಹುಡುಗರು ಗೆದ್ದ ಕಪ್ಪಿನ ಹಿಡಿಕೆ ಮೆರವಣಿಗೆಯಲ್ಲೇ ಕಿತ್ತು ಕೈಗೆ ಬಂದಿತ್ತು!