ಮೂರು ಎಂದು ಬರೆದರೆ ಮೂರನೆಯದಲ್ಲ

ನಮಸ್ಕಾರ,

ಓಡುವ ಪ್ರೋಗ್ರಾಂ ಒಂದನ್ನು ಗೊತ್ತಾದ ಪ್ರೊಸೆಸರ್‌ಗೆ ಕಟ್ಟಿಹಾಕುವುದರ ಬಗ್ಗೆ ಶಿರಸಿಯಿಂದ ನೀವು ಕಳಿಸಿದ ‘ಸಂಸ್ಕಾರಕ ಬಂಧನ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಅಚ್ಚು ಹಾಕಲು ಆಗುವುದಿಲ್ಲ. ಆದರೆ ಇದರೊಳಗೆ ಒಂದು ಒಳ್ಳೆಯ ಬರಹ ಇದೆ. ಅದು ಕಾಣಿಸಿದ್ದರಿಂದಲೇ ಇಷ್ಟು ಉದ್ದಕ್ಕೆ ಬರೆಯುತ್ತಿದ್ದೇನೆ.

ಮೊದಲ ಎರಡು ಪುಟ ಬೇಡ. ಕಂಪ್ಯೂಟರಿನ ಇತಿಹಾಸ ಎಲ್ಲ ಕಡೆ ಸಿಗುತ್ತದೆ. ನಿಮ್ಮ ಬರಹ ಶುರುವಾಗುವುದು ಮೂರನೇ ಪುಟದಲ್ಲಿ. ಅಡಿಕೆ ಟೆಂಡರ್ ದಿನದ ಮಧ್ಯಾಹ್ನ, ಬಿಲ್ ಮಾಡುವ ಪ್ರೋಗ್ರಾಂ ತೆವಳುತ್ತಿದೆ, ಕಿಟಕಿಯ ಹೊರಗೆ ರೈತರು ಸಾಲು ನಿಂತಿದ್ದಾರೆ. ನೀವು ಎಂಟು ಪ್ರೊಸೆಸರ್‌ಗಳ ಸರ್ವರ್ ಮುಂದೆ ಕೂತು, ಆ ಪ್ರೋಗ್ರಾಂ ಒಂದರಿಂದ ಇನ್ನೊಂದಕ್ಕೆ ಹಾರುವುದನ್ನು ನೋಡುತ್ತಿದ್ದೀರಿ. ಅಲ್ಲಿಂದಲೇ ಹೊರಡಿ.

ಇನ್ನು ತಪ್ಪಿನ ಮಾತು. ಲಿನಕ್ಸ್‌ನಲ್ಲಿ ಹೀಗೆ ಕಟ್ಟುವ ಆಜ್ಞೆ ಟಾಸ್ಕ್‌ಸೆಟ್, ಓಡುತ್ತಿರುವ ಪ್ರೋಗ್ರಾಂಗೆ ಪ್ರೋಸೆಸ್ ಎನ್ನುತ್ತಾರೆ. ‘ಟಾಸ್ಕ್‌ಸೆಟ್ -ಪಿ 3 4120’ ಎಂದು ಕೊಟ್ಟೆ, 4120ನೇ ಪ್ರೋಸೆಸ್ ಮೂರನೇ ಪ್ರೊಸೆಸರ್‌ಗೆ ಅಂಟಿಕೊಂಡಿತು ಎಂದು ಬರೆದಿದ್ದೀರಿ. ಹಾಗಾಗಿಲ್ಲ. ಮನೆಯ ಲ್ಯಾಪ್‌ಟಾಪ್‌ನಲ್ಲಿ ನಾನೂ ಇದೇ ಆಜ್ಞೆ ಕೊಟ್ಟು ನೋಡಿದೆ. ಪ್ರೋಸೆಸ್ ಒಮ್ಮೆ 0ರಲ್ಲಿ, ಒಮ್ಮೆ 1ರಲ್ಲಿ ಕಾಣಿಸಿತು. ಮೂರರ ಹತ್ತಿರವೂ ಹೋಗಲಿಲ್ಲ. ಕಾರಣ, ಅಲ್ಲಿರುವ 3 ಪ್ರೊಸೆಸರಿನ ಸಂಖ್ಯೆಯಲ್ಲ, ಮಾಸ್ಕ್, ಅಂದರೆ ಯಾವ ಯಾವ ಪ್ರೊಸೆಸರ್‌ಗೆ ಒಪ್ಪಿಗೆ ಎಂದು ಬಿಟ್‌ಗಳಲ್ಲಿ ಹೇಳುವ ಸಂಖ್ಯೆ. ಬೈನರಿಯಲ್ಲಿ ಅದು 11. ಬಲಗಡೆಯ ಬಿಟ್ 0ನೇ ಪ್ರೊಸೆಸರಿನದು, ಅದರ ಪಕ್ಕದ್ದು 1ನೆಯದರದು. ಎರಡಕ್ಕೂ ಒಪ್ಪಿಗೆ ಕೊಟ್ಟ ಹಾಗಾಯಿತು. 3ನೆಯದೇ ಬೇಕಿದ್ದರೆ ಮಾಸ್ಕ್ 8 (ಬೈನರಿಯಲ್ಲಿ 1000) ಆಗಬೇಕು, ಇಲ್ಲವೇ ‘-ಸಿ’ ಸೇರಿಸಿ ‘-ಪಿಸಿ 3 4120’ ಎನ್ನಬೇಕು. ಎಣಿಕೆ ಸೊನ್ನೆಯಿಂದ ಶುರುವಾಗುವುದರಿಂದ ಅದು ನಿಜಕ್ಕೂ ನಾಲ್ಕನೆಯದು ಅನ್ನುವುದನ್ನೂ ಓದುಗರಿಗೆ ಹೇಳಿ. ಪ್ರೋಗ್ರಾಂನಲ್ಲಿ ಹಲವು ಥ್ರೆಡ್ (ಒಟ್ಟೊಟ್ಟಿಗೆ ಓಡುವ ಕೆಲಸದ ಎಳೆಗಳು) ಇದ್ದರೆ ‘-ಎ’ ಕೂಡ ಬೇಕು. ಇಲ್ಲದಿದ್ದರೆ ಒಂದೇ ಥ್ರೆಡ್ ಕಟ್ಟಿಹಾಕಿದಂತೆ, ಉಳಿದವು ಮೊದಲಿನ ಹಾಗೇ ಓಡಾಡಿಕೊಂಡಿರುತ್ತವೆ.

ಹಾಗಿದ್ದರೂ ಬಿಲ್ ಬೇಗ ಬಂತು ಎನ್ನುತ್ತೀರಿ. ನಾನು ನಂಬುತ್ತೇನೆ. ಎಂಟರ ಬದಲು ಎರಡರಲ್ಲಿ ಓಡಾಡಿದ್ದಕ್ಕೆ ಬೇಗ ಬಂತೋ, ಅಷ್ಟರಲ್ಲಿ ಟೆಂಡರ್ ಗದ್ದಲ ಇಳಿದಿದ್ದಕ್ಕೋ? ಇದಕ್ಕೆ ಉತ್ತರ ಹುಡುಕುವುದೇ ನಿಮ್ಮ ಲೇಖನ ಆಗಬೇಕಿತ್ತು, ಅಲ್ವಾ?

‘ಕಟ್ಟಿದ ಮೇಲೆ ಆ ಪ್ರೊಸೆಸರ್ ಅದಕ್ಕೇ ಮೀಸಲು’ ಎಂಬ ವಾಕ್ಯ ತೆಗೆಯಿರಿ. ಅದು ಉಲ್ಟಾ. ಕಟ್ಟಿದ ಪ್ರೋಸೆಸ್ ಆಚೆ ಹೋಗುವಂತಿಲ್ಲ, ಬೇರೆಯವು ಒಳಗೆ ಬರಬಹುದು. ಪಕ್ಕದಲ್ಲಿ ಏಳು ಪ್ರೊಸೆಸರ್ ಖಾಲಿ ಬಿದ್ದಿದ್ದರೂ ನಿಮ್ಮ ಬಿಲ್ ಪ್ರೋಗ್ರಾಂ ಇಲ್ಲೇ ಸರದಿ ಕಾಯಬೇಕಾಗುತ್ತದೆ. ಮೀಸಲಿಡುವುದಕ್ಕೆ ಐಸೋಲ್‌ಸಿಪಿಯುಸ್, ಸಿಪಿಯುಸೆಟ್ ಎಂಬ ಬೇರೆ ದಾರಿಗಳಿವೆ.

ಹೀಗೆ ಕಟ್ಟುವುದು ‘ಹೊಸ ಸೌಲಭ್ಯ’ವೂ ಅಲ್ಲ. ಲಿನಕ್ಸ್ 2.6 ಬಂದದ್ದು 2003ರಲ್ಲಿ, ಅದರಲ್ಲೇ ಇತ್ತು. ಬೇರೆ ಆಪರೇಟಿಂಗ್ ಸಿಸ್ಟಂಗಳಲ್ಲೂ ಇದೆ: ಸೋಲಾರಿಸ್‌ನಲ್ಲಿ ಪಿಬೈಂಡ್, ಎಐಎಕ್ಸ್‌ನಲ್ಲಿ ಬೈಂಡ್‌ಪ್ರೊಸೆಸರ್ ಇದೇ ಕೆಲಸ ಮಾಡುತ್ತವೆ.

ಕಾರವಾರ ಬಂದರಿನ ದೋಣಿಯ ಹೋಲಿಕೆ ನನಗೆ ಹಿಡಿಸಲಿಲ್ಲ. ದಡಕ್ಕೆ ಕಟ್ಟಿದ ದೋಣಿ ಕೆಲಸ ಮಾಡುವುದಿಲ್ಲ, ಕಟ್ಟಿದ ಪ್ರೋಸೆಸ್ ಮಾಡುತ್ತಲೇ ಇರುತ್ತದೆ. ನಿಮ್ಮ ಮನೆಯಲ್ಲೇ ಅಡಿಕೆ ಸುಲಿಯುತ್ತಾರಲ್ಲ, ಅದನ್ನು ನೋಡಿ. ಮೆಟ್ಟುಗತ್ತಿ ಮುಂದೆ ಕೂತವರ ಕೈಗೆ ಸಿಗುವ ಹಾಗೆ ಅಡಿಕೆ ರಾಶಿ ಇರುತ್ತದೆ. ಆ ರಾಶಿಯೇ ಕ್ಯಾಶ್, ಪ್ರೊಸೆಸರ್ ತನ್ನ ಕೈಗೆಟುಕುವಲ್ಲಿ ಇಟ್ಟುಕೊಳ್ಳುವ ಚಿಕ್ಕ ಮೆಮೊರಿ. ಐದೈದು ನಿಮಿಷಕ್ಕೆ ಅವರನ್ನು ಎಬ್ಬಿಸಿ ಬೇರೆ ಕತ್ತಿಗೆ ಕೂರಿಸಿದರೆ ರಾಶಿ ಹಿಂದೆಯೇ ಉಳಿಯುತ್ತದೆ. ಮತ್ತೆ ಬುಟ್ಟಿಯಲ್ಲಿ ಹೊತ್ತು ತಂದು ಸುರಿಯಬೇಕು. ಸರ್ವರಿನಲ್ಲಿ ಎರಡು ಸಾಕೆಟ್ (ಪ್ರೊಸೆಸರ್ ಚಿಪ್ ಕೂರುವ ಜಾಗ, ಪ್ರತಿಯೊಂದಕ್ಕೂ ಹತ್ತಿರದಲ್ಲಿ ಅದರದೇ ಮೆಮೊರಿ) ಇದ್ದರೆ ಇನ್ನೂ ಕಷ್ಟ. ಓಡುತ್ತಿರುವ ಪ್ರೋಸೆಸ್ ಅನ್ನು ಆಚೆ ಸಾಕೆಟ್‌ಗೆ ಕಟ್ಟಿದರೂ ಅದು ಮೊದಲೇ ಪಡೆದ ಮೆಮೊರಿ ಈಚೆ ಬದಿಯಲ್ಲೇ ಇರಬಹುದು, ರಾಶಿ ಪಕ್ಕದ ಮನೆ ಅಂಗಳದಲ್ಲಿ ಬಿಟ್ಟು ಬಂದ ಹಾಗೆ. ಇಂಥ ಕಡೆ ನ್ಯೂಮಾಕಂಟ್ರೋಲ್ (numactl) ಆಜ್ಞೆಯಿಂದ ಪ್ರೊಸೆಸರ್, ಮೆಮೊರಿ ಎರಡನ್ನೂ ಶುರುವಿನಲ್ಲೇ ಒಂದೇ ಬದಿಗೆ ಕಟ್ಟುವುದು ಒಳ್ಳೆಯದು.

ಭಾಷೆಯ ಬಗ್ಗೆ ಒಂದೇ ಮಾತು. ‘ಸಂಸ್ಕಾರಕ ಬಾಂಧವ್ಯ’ ಎಂದು ನಿಮ್ಮ ಆಫೀಸಿನಲ್ಲಿ ಯಾರೂ ಅನ್ನುವುದಿಲ್ಲ. ಪ್ರೊಸೆಸರ್ ಎನ್ನಿ, ಕಟ್ಟುವುದು ಎನ್ನಿ. ನೀವು ಫೋನಿನಲ್ಲಿ ನನಗೆ ವಿವರಿಸಿದ್ದು ಬರೆದದ್ದಕ್ಕಿಂತ ಎಷ್ಟೋ ಚೆನ್ನಾಗಿತ್ತು.

ಮುಂದಿನ ಎರಡು ಟೆಂಡರ್ ದಿನ ಹೀಗೆ ಮಾಡಿ. ಒಂದು ದಿನ ಕಟ್ಟದೆ, ಇನ್ನೊಂದು ದಿನ ಸರಿಯಾಗಿ 3ಕ್ಕೆ ಕಟ್ಟಿ, ನೂರು ಬಿಲ್ಲಿಗೆ ಎಷ್ಟು ಹೊತ್ತು ಹಿಡಿಯಿತು ಎಂದು ಬರೆದಿಟ್ಟುಕೊಳ್ಳಿ. ನಡುನಡುವೆ ‘ಪಿಎಸ್’ ಆಜ್ಞೆಯ ಪಿಎಸ್‌ಆರ್ ಅಂಕಣ ನೋಡಿ, ಪ್ರೋಸೆಸ್ ಎಲ್ಲಿದೆ ಎಂಬುದನ್ನೂ ಗುರುತು ಹಾಕಿ. ಕಟ್ಟಿದ ದಿನವೇ ನಿಧಾನವಾಗಿದ್ದರೆ ಅದನ್ನೂ ಹಾಗೇ ಬರೆಯಿರಿ. ನಾಲ್ಕು ಪುಟ ಸಾಕು, ಅಷ್ಟು ಜಾಗ ನಾನು ಇಟ್ಟಿರುತ್ತೇನೆ.