ಅಳಿಯ ಹತ್ತಿರದ ಸಂಬಂಧಿಯಲ್ಲ: ಕಾಸರಗೋಡಿನಿಂದ ಒಂದು ಉತ್ತರ

ಕಾಸರಗೋಡಿನ ರೋಗಿಗೆ ಮಂಗಳೂರಿನ ಆಸ್ಪತ್ರೆಯಲ್ಲಿ ಕಿಡ್ನಿ ಜೋಡಿಸಬಹುದೇ, ರಾಜ್ಯ ಬೇರೆಯಾದ ಕಾರಣ ಕಾನೂನು ತಡೆಯುವುದಿಲ್ಲವೇ ಎಂದು ಕೇಳಿದ್ದೀರಿ. ಜೋಡಿಸಬಹುದು, ಕಾನೂನು ತಡೆಯುವುದಿಲ್ಲ. ಅಂಗಾಂಗ ಕಸಿಯ ಕಾಯಿದೆ 1994ರ ಕೇಂದ್ರ ಕಾಯಿದೆ. 2011ರಲ್ಲಿ ಅದಕ್ಕೆ ತಿದ್ದುಪಡಿಯಾಯಿತು, 2014ರಲ್ಲಿ ಹೊಸ ನಿಯಮಗಳು ಬಂದವು. ಎರಡು ರಾಜ್ಯಗಳ ಗಡಿಯಾದ ತಲಪಾಡಿಯ ಆಚೆಗೂ ಈಚೆಗೂ ಅದೇ ಕಾಯಿದೆ. ಆದರೆ ರೋಗಿ ಒಂದು ರಾಜ್ಯದವನು, ಆಸ್ಪತ್ರೆ ಇನ್ನೊಂದು ರಾಜ್ಯದ್ದು, ಕಾಗದಪತ್ರ ಮೂರನೆಯ ಭಾಷೆಯಲ್ಲಿ ಎಂಬಂತಾದಾಗ ಆ ಒಂದೇ ಕಾಯಿದೆ ನಮ್ಮ ಮನೆಗಳಲ್ಲಿ ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕಾಗುತ್ತದೆ.

ನಾವು ಮಂಗಳೂರಿಗೆ ಏಕೆ ಹೋಗುತ್ತೇವೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. 1956ರ ನವೆಂಬರ್ 1ರಂದು ಕಾಸರಗೋಡು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳಕ್ಕೆ ಸೇರಿತಾದರೂ ಕಾಯಿಲೆ ಬಿದ್ದವರ ದಾರಿ ಬದಲಾಗಲಿಲ್ಲ. ಕಾಸರಗೋಡು ಪೇಟೆಯಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್, ತಿರುವನಂತಪುರಕ್ಕಾದರೆ ರಾತ್ರಿಯಿಡೀ ರೈಲಿನಲ್ಲಿ ಕೂರಬೇಕು. 2020ರ ಲಾಕ್‌ಡೌನ್ ಕಾಲದಲ್ಲಿ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ನಮಗಾದ ಭಯ ಹೊರಗಿನವರಿಗೆ ಪೂರ್ತಿ ಅರ್ಥವಾಗಿದೆಯೆಂದು ನನಗೆ ಅನಿಸುವುದಿಲ್ಲ. ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಹೋಗುವವನಿಗೆ ಗಡಿ ಎಂಬುದು ಭೂಪಟದ ಗೆರೆಯಾಗಿ ಉಳಿಯುವುದಿಲ್ಲ.

ಇನ್ನು ಯಾರು ಯಾರಿಗೆ ಕೊಡಬಹುದು ಎಂಬ ಮುಖ್ಯ ವಿಷಯ. ಬದುಕಿರುವ ವ್ಯಕ್ತಿ ಅಂಗ ಕೊಡುವುದಾದರೆ ಪಡೆಯುವವನು ಅವನ ‘ಹತ್ತಿರದ ಸಂಬಂಧಿ’ಯಾಗಿರಬೇಕು ಎಂಬುದು ಸಾಮಾನ್ಯ ನಿಯಮ. ಆ ಪದಕ್ಕೆ ಕಾಯಿದೆಯೇ ಅರ್ಥ ಕೊಟ್ಟಿದೆ: ಗಂಡ ಅಥವಾ ಹೆಂಡತಿ, ಮಗ, ಮಗಳು, ತಂದೆ, ತಾಯಿ, ಸಹೋದರ, ಸಹೋದರಿ. 2011ರ ತಿದ್ದುಪಡಿಯಲ್ಲಿ ಅಜ್ಜ, ಅಜ್ಜಿ, ಮೊಮ್ಮಗ, ಮೊಮ್ಮಗಳು ಸೇರಿದರು. ಪಟ್ಟಿ ಅಲ್ಲಿಗೆ ಮುಗಿಯಿತು. ಸೋದರಮಾವನಿಲ್ಲ, ಸೋದರತ್ತೆಯಿಲ್ಲ, ಚಿಕ್ಕಪ್ಪ ದೊಡ್ಡಪ್ಪಂದಿರಿಲ್ಲ, ಅವರ ಮಕ್ಕಳಿಲ್ಲ, ಸೊಸೆಯಿಲ್ಲ, ಭಾವ ಮೈದುನರಿಲ್ಲ. ಮತ್ತು ಅಳಿಯನಿಲ್ಲ.

ಈ ಕೊನೆಯ ಮಾತಿನ ತೂಕ ತುಳುನಾಡಿನವರಿಗೆ ಬೇಗ ತಿಳಿಯುತ್ತದೆ. ಇಲ್ಲಿನ ಅನೇಕ ಸಮುದಾಯಗಳಲ್ಲಿ ತಲೆತಲಾಂತರದಿಂದ ಅಳಿಯಸಂತಾನ ಕಟ್ಟು ನಡೆದುಬಂದಿತ್ತು. ಆಸ್ತಿ, ಮನೆತನದ ಯಜಮಾನಿಕೆ, ಮನೆದೈವವಾದ ಭೂತದ ಚಾಕರಿ ಎಲ್ಲವೂ ಮಾವನಿಂದ ಅವನ ತಂಗಿಯ ಮಗನಿಗೆ ಇಳಿಯುತ್ತಿದ್ದವು. ಸ್ವಂತ ಮಗ ಅವನ ತಾಯಿಯ ಕುಟುಂಬಕ್ಕೆ ಸೇರಿದವನು. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ ಈ ಕಟ್ಟನ್ನು ಒಪ್ಪಿಕೊಂಡಿತ್ತು, 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಲ್ಲಿಯೂ ಅದರ ಹೆಸರುಂಟು. ಕೇರಳದಲ್ಲಿ 1975ರ ಕಾಯಿದೆಯೊಂದು ಅವಿಭಕ್ತ ಕುಟುಂಬ ಪದ್ಧತಿಯನ್ನೇ ರದ್ದುಮಾಡಿದ ಮೇಲೆ ಆಸ್ತಿಯ ಮಟ್ಟಿಗೆ ಅದು ಹಳೆಯ ಕಥೆಯಾಯಿತು. ಹಾಗಿದ್ದರೂ ನಮ್ಮ ಊರಿನಲ್ಲಿ ‘ತಮ್ಮಲೆ’ ಎಂದು ತುಳುವಿನಲ್ಲಿ ಕರೆಯುವ ಸೋದರಮಾವನಿಗೆ ಇಂದಿಗೂ ತಂದೆಗಿಂತ ಒಂದು ತೂಕ ಹೆಚ್ಚೇ ಇದೆ. ಉತ್ತರಾಧಿಕಾರದ ವಿಷಯದಲ್ಲಿ ಅಳಿಯನನ್ನು ಗುರುತಿಸಿದ ಕಾನೂನು ಕಿಡ್ನಿಯ ವಿಷಯದಲ್ಲಿ ಅವನನ್ನು ಬೀದಿಯಲ್ಲಿ ಸಿಕ್ಕವನ ಸಾಲಿನಲ್ಲಿ ನಿಲ್ಲಿಸುತ್ತದೆ.

ಇದು ನನ್ನ ಕಣ್ಣೆದುರಿಗೇ ನಡೆಯಿತು. ನಮ್ಮ ನೆರೆಮನೆಯ ಹಿರಿಯರೊಬ್ಬರಿಗೆ ಎರಡೂ ಕಿಡ್ನಿಗಳು ಕೆಟ್ಟವು. ಹೆಂಡತಿಗೆ ಸಕ್ಕರೆ ಕಾಯಿಲೆ, ಮಗಳ ರಕ್ತದ ಗುಂಪು ಹೊಂದಲಿಲ್ಲ, ಹೊಂದಿದ್ದು ತಂಗಿಯ ಮಗನದು. ಅವನು ಚಿಕ್ಕಂದಿನಿಂದ ಮಾವನ ಮನೆಯಲ್ಲೇ ಬೆಳೆದವನು, ಕೊಡುತ್ತೇನೆಂದು ತಾನಾಗಿಯೇ ಮುಂದೆ ಬಂದ. ಆಸ್ಪತ್ರೆಯಲ್ಲಿ ಸಂಬಂಧ ಕೇಳಿದರು. ‘ಅಳಿಯ’ ಎಂದರು. ಕನ್ನಡದಲ್ಲಿ ಮಗಳ ಗಂಡನೂ ಅಳಿಯ, ತಂಗಿಯ ಮಗನೂ ಅಳಿಯ. ಮಲಯಾಳದ ‘ಮರುಮಗನ್’ ಎಂಬ ಪದಕ್ಕೂ ಈ ಎರಡು ಅರ್ಥಗಳಿವೆ. ಅಲ್ಲಿದ್ದವರು ಮಗಳ ಗಂಡನೆಂದು ಬರೆದುಕೊಂಡರು, ಇವರು ಅದನ್ನು ಗಮನಿಸಲಿಲ್ಲ, ಮುಂದೆ ವಿಲೇಜ್ ಆಫೀಸಿನಿಂದ ಬಂದ ಬಂಧುತ್ವ ಸರ್ಟಿಫಿಕೇಟಿನಲ್ಲಿ ಸಹೋದರಿಯ ಮಗನೆಂದಿದ್ದುದರಿಂದ ಎರಡು ದಾಖಲೆಗಳು ತಾಳೆಯಾಗದೆ ಮೂರು ವಾರ ಹೋದವು. ಯಾವ ಅರ್ಥ ತೆಗೆದುಕೊಂಡರೂ ಅವನು ಪಟ್ಟಿಯ ಹೊರಗಿನವನೇ ಆದುದರಿಂದ, ಆ ಮೂರು ವಾರದ ತಕರಾರಿನಿಂದ ಯಾರಿಗೂ ಏನೂ ಸಿಕ್ಕಲಿಲ್ಲ.

ಪಟ್ಟಿಯ ಹೊರಗಿನವನು ಕೊಡಲೇಬಾರದೆಂದು ಕಾನೂನು ಹೇಳುವುದಿಲ್ಲ. ಪ್ರೀತಿ, ಮಮತೆ ಅಥವಾ ಬೇರೆ ವಿಶೇಷ ಕಾರಣದಿಂದ ಕೊಡಬಹುದು, ಆದರೆ ಅದಕ್ಕೆ ಇಂಥ ದಾನಗಳನ್ನು ಪರಿಶೀಲಿಸಿ ಅನುಮತಿ ಕೊಡುವ ಅಧಿಕಾರ ಸಮಿತಿಯ ಮುಂಚಿತ ಒಪ್ಪಿಗೆ ಬೇಕು. ಕೊಡುವವನೂ ಪಡೆಯುವವನೂ ಸೇರಿ ಅರ್ಜಿ ಹಾಕಬೇಕು. ಹಣದ ವ್ಯವಹಾರ ಇಲ್ಲವೆಂದು, ನಡುವೆ ದಲ್ಲಾಳಿ ಇಲ್ಲವೆಂದು ಸಮಿತಿಗೆ ಮನದಟ್ಟಾಗಬೇಕು. ಅದಕ್ಕಾಗಿ ಇಬ್ಬರ ಆದಾಯವನ್ನೂ ಹಿಂದಿನ 3 ವರ್ಷಗಳ ಮಟ್ಟಿಗೆ ನೋಡುತ್ತಾರೆ, ಕೊಡುವವನ ಮನೆಯವರನ್ನು ಕರೆದು ಮಾತನಾಡಿಸುತ್ತಾರೆ, ಇಬ್ಬರೂ ಒಟ್ಟಿಗಿರುವ ಹಳೆಯ ಫೋಟೊಗಳನ್ನು ಕೇಳುತ್ತಾರೆ. ನೆರೆಮನೆಯವರು ಕೊನೆಗೆ ಕಪಾಟಿನಿಂದ ಹುಡುಕಿ ತೆಗೆದದ್ದು ಕುಟುಂಬದ ಮನೆಯಲ್ಲಿ ಭೂತಕ್ಕೆ ಸಲ್ಲಿಸುವ ಪೂಜೆಯಾದ ತಂಬಿಲದ ದಿನ ತೆಗೆಸಿದ ಒಂದು ಫೋಟೊ: ಭೂತದ ಚಾವಡಿಯ ಮೆಟ್ಟಿಲ ಮೇಲೆ ಮಾವ ಕುಳಿತಿದ್ದಾರೆ, ಮೂರು ನಾಲ್ಕು ವರ್ಷದ ಅಳಿಯ ಅವರ ತೊಡೆಯ ಮೇಲೆ, ಅಂಚು ಗೆದ್ದಲು ತಿಂದಿದೆ. ಸಮಿತಿಯ ಮುಂದೆ ಇಟ್ಟ ಅಷ್ಟೂ ಕಾಗದಗಳಲ್ಲಿ ಮಲಯಾಳದಲ್ಲಿಯೂ ಇಂಗ್ಲಿಷಿನಲ್ಲಿಯೂ ಇಲ್ಲದ್ದು ಅದೊಂದೇ.

ಕಾಗದಗಳ ಮಾತು ಬಂದುದರಿಂದ ಇನ್ನೂ ಒಂದು ವಿಷಯ ಹೇಳುತ್ತೇನೆ. ಕನ್ನಡ ಶಾಲೆಯ ಸರ್ಟಿಫಿಕೇಟಿನಲ್ಲಿ ‘ಐತಪ್ಪ’ ಎಂದಿದ್ದವನು ಮಲಯಾಳದ ರೇಷನ್ ಕಾರ್ಡಿನಲ್ಲಿ ‘ಐತ್ತಪ್ಪ’ನಾಗಿ, ಆಧಾರಿನಲ್ಲಿ ಬೇರೆಯೇ ಇಂಗ್ಲಿಷ್ ಅಕ್ಷರಗಳನ್ನು ಹೊತ್ತಿರುತ್ತಾನೆ, ಕೆಲವರ ಹೆಸರಿನ ಹಿಂದೆ ತಾಯಿಯ ಮನೆತನದ ಹೆಸರು, ಕೆಲವರದರಲ್ಲಿ ತಂದೆಯದು. ಹತ್ತಿರದ ಸಂಬಂಧಿಗಳ ನಡುವಿನ ದಾನದಲ್ಲಿಯೂ ಆಸ್ಪತ್ರೆಯ ಸಕ್ಷಮ ಅಧಿಕಾರಿ ಸಂಬಂಧವನ್ನು ದಾಖಲೆಗಳಿಂದಲೇ ಪರಿಶೀಲಿಸಬೇಕಾಗಿದ್ದು, ಅದು ಖಚಿತವಾಗದಿದ್ದರೆ ಡಿಎನ್‌ಎ ಪರೀಕ್ಷೆಗೆ ಹೇಳಬಹುದು. ಅಣ್ಣತಮ್ಮಂದಿರ ಇನಿಷಿಯಲ್ ಬೇರೆಬೇರೆ ಇದ್ದರೆ ತಾಪತ್ರಯ ಖಂಡಿತ. ಕೇರಳದ ಸರ್ಕಾರಿ ಸೇವೆಗಳ ಅರ್ಜಿ ಹಾಕುವ ಅಕ್ಷಯ ಕೇಂದ್ರಕ್ಕೆ ಹೋಗುವ ಮೊದಲು ಎಲ್ಲ ಕಾಗದಗಳಲ್ಲಿ ಹೆಸರನ್ನು ಅಕ್ಷರ ಬಿಡದೆ ಹೋಲಿಸಿ ನೋಡಿಕೊಳ್ಳುವುದು ಒಳ್ಳೆಯದು.

ರಾಜ್ಯ ಬೇರೆಯಾದಾಗ ಯಾವ ಸಮಿತಿ ತೀರ್ಮಾನಿಸಬೇಕು ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ಪಂಜಾಬಿನವರು ಚೆನ್ನೈಯಲ್ಲಿ ಕಸಿ ಮಾಡಿಸಿಕೊಳ್ಳಲು ಹೊರಟಿದ್ದ ಕುಲದೀಪ್ ಸಿಂಗ್ ಪ್ರಕರಣದಲ್ಲಿ, 2005ರಲ್ಲಿ, ದಾನಿಯೂ ರೋಗಿಯೂ ಯಾವ ರಾಜ್ಯದವರೋ ಆ ರಾಜ್ಯದ ಸಮಿತಿಯೇ ವಿಚಾರಿಸುವುದು ಸರಿ, ಅವರ ಹಿನ್ನೆಲೆ ತಿಳಿಯಲು ಅನುಕೂಲವಿರುವುದು ಅಲ್ಲಿಯೇ ಎಂದು ನ್ಯಾಯಾಲಯ ಹೇಳಿತು. 2014ರ ನಿಯಮಗಳಲ್ಲಿ ಇದು ಹಗುರವಾಯಿತು: ಆಸ್ಪತ್ರೆ ಇರುವ ರಾಜ್ಯಕ್ಕೆ ಸೇರದವರು ತಮ್ಮ ತಹಶೀಲ್ದಾರರಿಂದ ಅಥವಾ ಅದಕ್ಕೆ ನಿಯುಕ್ತರಾದ ಅಧಿಕಾರಿಯಿಂದ ವಾಸಸ್ಥಳದ ದೃಢೀಕರಣ ತರಬೇಕು, ಅದರ ಪ್ರತಿ ತಮ್ಮ ರಾಜ್ಯದ ಪ್ರಾಧಿಕಾರಕ್ಕೆ ಹೋಗಬೇಕು. ಹಾಗಾಗಿ ಮಂಜೇಶ್ವರದವನು ಮಂಗಳೂರಿನಲ್ಲಿ ಕಸಿ ಮಾಡಿಸಿಕೊಳ್ಳುವಾಗ ಕೇರಳದ ತಹಶೀಲ್ದಾರರ ಮೊಹರು ಕರ್ನಾಟಕದ ಸಮಿತಿಯ ಮೇಜಿಗೆ ಬರುತ್ತದೆ. ಸಭೆ ನಡೆದ 24 ಗಂಟೆಗಳೊಳಗೆ ಸಮಿತಿ ತೀರ್ಮಾನ ತಿಳಿಸಬೇಕು, ತಿರಸ್ಕರಿಸಿದರೆ ಕಾರಣ ಬರೆಯಬೇಕು. ತಿರಸ್ಕಾರವಾದರೆ 30 ದಿನಗಳೊಳಗೆ ಸರ್ಕಾರಕ್ಕೆ ಮೇಲ್ಮನವಿ ಉಂಟು.

ಇಷ್ಟು ಬಿಗಿ ಬೇಕೇ ಎಂದು ನೀವು ಕೇಳಬಹುದು. ಬೇಕು ಎಂದೇ ನನ್ನ ಅಭಿಪ್ರಾಯ. ಬಡವನ ಕಿಡ್ನಿಗೆ ಬೆಲೆ ಕಟ್ಟುವವರು ನಮ್ಮ ಎರಡು ರಾಜ್ಯಗಳಲ್ಲಿಯೂ ಇದ್ದರು, ಇಂದಿಗೂ ಇಲ್ಲವೆಂದು ಎದೆತಟ್ಟಿ ಹೇಳಲಾಗದು. ಅಂಗದ ವ್ಯಾಪಾರಕ್ಕೆ ಕನಿಷ್ಠ 5 ವರ್ಷ, ಗರಿಷ್ಠ 10 ವರ್ಷ ಸೆರೆ, 20 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ ದಂಡ. ವಿದೇಶಿ ರೋಗಿಗೆ ಭಾರತೀಯನೊಬ್ಬ ಬದುಕಿರುವಾಗ ಅಂಗ ಕೊಡಬೇಕಾದರೆ ಅವರಿಬ್ಬರು ಹತ್ತಿರದ ಸಂಬಂಧಿಗಳೇ ಆಗಿರಬೇಕು, ಸಮಿತಿಯ ಒಪ್ಪಿಗೆಯೂ ಬೇಕು. ಅಲ್ಲಿ ಮಮತೆಯ ಬಾಗಿಲು ತೆರೆಯುವುದಿಲ್ಲ. ಆದರೆ ಬಿಗಿ ಬೇರೆ, ಅನುಮಾನದ ಚಟ ಬೇರೆ. ಕೊಡುವವನ ಮೇಲೆ ಕ್ರಿಮಿನಲ್ ಪ್ರಕರಣಗಳಿವೆ ಎಂಬ ಕಾರಣಕ್ಕೆ ಎರ್ನಾಕುಳಂನ ಸಮಿತಿ ಅರ್ಜಿಯನ್ನು ತಿರಸ್ಕರಿಸಿದ್ದಾಗ, 2021ರಲ್ಲಿ ಕೇರಳ ಹೈಕೋರ್ಟಿನ ನ್ಯಾಯಮೂರ್ತಿ ಪಿ.ವಿ. ಕುಞ್ಞಿಕೃಷ್ಣನ್ ಆ ಆದೇಶವನ್ನು ರದ್ದುಗೊಳಿಸಿ, ಕ್ರಿಮಿನಲ್ ಕಿಡ್ನಿ, ಕ್ರಿಮಿನಲ್ ಹೃದಯ ಎಂಬ ಅಂಗಗಳು ಮನುಷ್ಯನ ದೇಹದಲ್ಲಿ ಇಲ್ಲವೆಂದರು. ಇನ್ನೊಂದು ಕಡೆ, ಪಟ್ಟಿಯ ಒಳಗಿನವರ ವಿಷಯದಲ್ಲಿ ಅನುಮಾನ ತೀರ ಕಡಿಮೆಯಾಯಿತೆಂದು ನನಗೆ ಅನಿಸುತ್ತದೆ. ಹೆಂಡತಿ, ತಾಯಿ, ಅಕ್ಕ ಎಂದೊಡನೆ ಒತ್ತಾಯವಿಲ್ಲವೆಂದು ಭಾವಿಸುತ್ತಾರೆ; ನಮ್ಮ ಊರಲ್ಲಿ ಕೊಟ್ಟವರನ್ನು ಎಣಿಸಿದರೆ ಹೆಚ್ಚಿನವರು ಹೆಂಗಸರು, ಪಡೆದವರು ಗಂಡಸರು.

ಸತ್ತವರ ಅಂಗಗಳ ವಿಷಯದಲ್ಲಿ ಸಂಬಂಧದ ಪಟ್ಟಿಗೆ ಕೆಲಸವಿಲ್ಲ. ಮೆದುಳು ಸತ್ತಿದೆಯೆಂದು ನಾಲ್ವರು ವೈದ್ಯರ ಮಂಡಳಿ, ಕನಿಷ್ಠ 6 ಗಂಟೆಗಳ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ದೃಢಪಡಿಸಿದ ಮೇಲೆ ಮನೆಯವರು ಒಪ್ಪಿದರೆ ಅಂಗ ತೆಗೆಯುತ್ತಾರೆ. ಅದು ಯಾರಿಗೆ ಹೋಗಬೇಕೆಂದು ಮನೆಯವರು ಹೇಳುವಂತಿಲ್ಲ. ಕರ್ನಾಟಕದಲ್ಲಿ ‘ಜೀವಸಾರ್ಥಕತೆ’ಯೂ ಕೇರಳದಲ್ಲಿ 2012ರಲ್ಲಿ ಆರಂಭವಾದ ‘ಮೃತಸಂಜೀವನಿ’ಯೂ ಹಂಚಿಕೆಯನ್ನು ನೋಡಿಕೊಳ್ಳುತ್ತವೆ. ಮೊದಲು ರಾಜ್ಯದ ಪಟ್ಟಿ, ಆಮೇಲೆ ಪ್ರದೇಶದ್ದು, ಆಮೇಲೆ ದೇಶದ್ದು, ನಂತರ ಭಾರತ ಮೂಲದವರು, ಕೊನೆಗೆ ವಿದೇಶಿಯರು ಎಂಬುದು ನಿಯಮದಲ್ಲಿರುವ ಕ್ರಮ. 2021ರಲ್ಲಿ ನಟ ಸಂಚಾರಿ ವಿಜಯ್ ಅಪಘಾತದಲ್ಲಿ ಮೆದುಳು ನಿಷ್ಕ್ರಿಯಗೊಂಡು ತೀರಿಕೊಂಡಾಗ ಮನೆಯವರು ಅಂಗಗಳನ್ನು ಕೊಟ್ಟದ್ದು ನಿಮಗೆ ನೆನಪಿರಬಹುದು. ಅದೇ ಪರಿಸ್ಥಿತಿಯಲ್ಲಿ ಕಾಸರಗೋಡಿನವನೊಬ್ಬ ಮಂಗಳೂರಿನ ಆಸ್ಪತ್ರೆಯಲ್ಲಿದ್ದರೆ ಹಂಚಿಕೆ ಕರ್ನಾಟಕದ ಪಟ್ಟಿಯ ಪ್ರಕಾರ ನಡೆಯುತ್ತದೆ, ಮರಣವನ್ನು ನೋಂದಾಯಿಸುವುದೂ ಮರಣ ಸಂಭವಿಸಿದ ಊರಿನಲ್ಲಿಯೇ.

ಪಡೆಯುವವರ ಕಡೆಯಿಂದ ನೋಡಿದರೆ ನಮಗೆ ದೊಡ್ಡ ಸಮಾಧಾನ ಸಿಕ್ಕಿದ್ದು 2023ರ ಫೆಬ್ರವರಿಯಲ್ಲಿ. ಸತ್ತವರ ಅಂಗಕ್ಕಾಗಿ ಹೆಸರು ನೋಂದಾಯಿಸಲು ಆಯಾ ರಾಜ್ಯದ ನಿವಾಸಿಯೇ ಆಗಿರಬೇಕೆಂಬ ಷರತ್ತನ್ನು ಕೈಬಿಡಬೇಕು, ನೋಂದಣಿಗೆ ಶುಲ್ಕ ತೆಗೆದುಕೊಳ್ಳಬಾರದು, 65 ವರ್ಷ ದಾಟಿದವರಿಗೂ ಅವಕಾಶ ಕೊಡಬೇಕು ಎಂದು ಕೇಂದ್ರ ಆರೋಗ್ಯ ಸಚಿವಾಲಯ ತಿಳಿಸಿತು. ಅದಕ್ಕೆ ಕೆಲವು ತಿಂಗಳ ಮುಂಚೆ ಗುಜರಾತ್ ಹೈಕೋರ್ಟ್ ಅಂಥದೇ ನಿವಾಸಿ ಷರತ್ತೊಂದನ್ನು ತಳ್ಳಿಹಾಕಿತ್ತು.

ದೇಹದಾನ ಬೇರೆಯೇ ಕಾಯಿದೆಗೆ ಸೇರಿದ್ದು. ಅಂಗವನ್ನು ರೋಗಿ ಪಡೆಯುತ್ತಾನೆ, ದೇಹವನ್ನು ಪಡೆಯಬಹುದಾದದ್ದು ಮಾನ್ಯತೆ ಇರುವ ವೈದ್ಯಶಿಕ್ಷಣ ಸಂಸ್ಥೆ ಮಾತ್ರ, ಮತ್ತು ಅದಕ್ಕೆ ಪ್ರತಿ ರಾಜ್ಯಕ್ಕೂ ತನ್ನದೇ ಅಂಗರಚನಾ ಕಾಯಿದೆ ಉಂಟು. ಕೇರಳದ್ದು 1957ರದು. ಅದರ ಪ್ರಕಾರ ಒಬ್ಬನು ಬರೆದುಕೊಟ್ಟಿದ್ದರೆ, ಅಥವಾ ಕೊನೆಯ ಕಾಯಿಲೆಯಲ್ಲಿ ಇಬ್ಬರು ಸಾಕ್ಷಿಗಳ ಮುಂದೆ ಬಾಯಿಮಾತಿನಲ್ಲಿ ಹೇಳಿದ್ದರೆ, ಅವನ ದೇಹವನ್ನು ಕಾಲೇಜಿಗೆ ಕೊಡಬಹುದು. ಸಿಪಿಎಂನ ಹಿರಿಯ ನಾಯಕ ಎಂ.ಎಂ. ಲಾರೆನ್ಸ್ 2024ರ ಸೆಪ್ಟೆಂಬರಿನಲ್ಲಿ ತೀರಿಕೊಂಡಾಗ ಅವರ ಮಗ ದೇಹವನ್ನು ಕಳಮಶ್ಶೇರಿಯ ಸರ್ಕಾರಿ ವೈದ್ಯಕೀಯ ಕಾಲೇಜಿಗೆ ಕೊಡಲು ಮುಂದಾದರು, ಮಗಳು ಕ್ರೈಸ್ತ ವಿಧಿಯಂತೆ ಸಮಾಧಿಯಾಗಬೇಕೆಂದು ಹೈಕೋರ್ಟಿಗೆ ಹೋದರು. ಬಾಯಿಮಾತಿನ ಒಪ್ಪಿಗೆಗೆ ಸಾಕ್ಷಿಗಳಿದ್ದುದರಿಂದ ಏಕಸದಸ್ಯ ಪೀಠವೂ, ಆಮೇಲೆ ವಿಭಾಗೀಯ ಪೀಠವೂ ಕಾಲೇಜಿಗೆ ಕೊಡುವ ತೀರ್ಮಾನವನ್ನೇ ಎತ್ತಿಹಿಡಿದವು. ಇಷ್ಟು ದೂರ ಹೋಗಬಾರದೆಂದಿದ್ದರೆ ಬರೆದಿಡುವುದು, ಬರೆದದ್ದನ್ನು ಮನೆಯ ಎಲ್ಲರಿಗೂ ಬದುಕಿರುವಾಗಲೇ ಹೇಳುವುದು ಲೇಸು. ಅಪಘಾತ, ಆತ್ಮಹತ್ಯೆ ಮುಂತಾದ ಪೊಲೀಸ್ ಪ್ರಕರಣವಾಗಿ ಮರಣೋತ್ತರ ಪರೀಕ್ಷೆ ನಡೆದ ದೇಹವನ್ನು ಕಾಲೇಜಿನವರು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ ಎಂಬುದನ್ನೂ ಹೇಳಿರಬೇಕು.

ನೆರೆಮನೆಯವರಿಗೆ ಸಮಿತಿಯ ಒಪ್ಪಿಗೆ ಸಿಕ್ಕಿತು. ಮಾವನೂ ಅಳಿಯನೂ ಈಗ ತೋಟದಲ್ಲಿ ಒಟ್ಟಿಗೆ ಅಡಿಕೆ ಹೆಕ್ಕುತ್ತಾರೆ. ಹೋದ ವರ್ಷ ಆ ಹಿರಿಯರು ತಮ್ಮ ದೇಹವನ್ನು ವೈದ್ಯಕೀಯ ಕಾಲೇಜಿಗೆ ಬರೆದುಕೊಟ್ಟರು. ಸಾಕ್ಷಿಗಳಾಗಿ ಹೆಂಡತಿಯೂ ಅಳಿಯನೂ ಸಹಿ ಹಾಕಿದರು. ಸಂಬಂಧವೇನು ಎಂಬ ಜಾಗದಲ್ಲಿ ಅಳಿಯ ‘ಅಳಿಯ, ತಂಗಿಯ ಮಗ’ ಎಂದು ಬಿಡಿಸಿ ಬರೆದ. ಗುಮಾಸ್ತರು ಅದನ್ನು ಓದಿ, ಬೇರೆ ಯಾವ ಕಾಗದವನ್ನೂ ಕೇಳದೆ ಮೊಹರು ಒತ್ತಿದರು.